ರಜೆಯ ಸಂಬಳ ಯಾರ ತಲೆಗೆ?

ಮುಂಬಯಿಯ ಶಾಸನ ಪರಿಷತ್ತಿನಲ್ಲಿ 1928ರಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಅಂಬೇಡ್ಕರ್ ಅದರ ಪರ ಮಾತಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಖರ್ಚಿನ ಬಹುಪಾಲು ಸರ್ಕಾರದ್ದು ಎಂಬುದು ಅವರ ವಾದ. ಹಾಗೆಂದು ಮಾಲೀಕನನ್ನೂ ಅವರು ಹೊಣೆಯಿಂದ ಪೂರ್ತಿ ಬಿಡಲಿಲ್ಲ. ಮರುವರ್ಷ ಕಾಯ್ದೆಯೇನೋ ಬಂತು, ಹೊಣೆ ಮಾತ್ರ ಮಾಲೀಕನ ತಲೆಗೇ ಬಿತ್ತು. 1961ರ ಕೇಂದ್ರ ಕಾಯ್ದೆ ಹೆರಿಗೆಗೆ 12 ವಾರ, ಗರ್ಭಪಾತಕ್ಕೆ 6 ವಾರ ರಜೆ ಕೊಟ್ಟಿತು. 1995ರಲ್ಲಿ ವೈದ್ಯರ ಮೂಲಕ ಗರ್ಭ ತೆಗೆಸಿಕೊಂಡವರೂ ಆ 6 ವಾರಕ್ಕೆ ಹಕ್ಕುದಾರರಾದರು. ಸಂತಾನಹರಣ ಶಸ್ತ್ರಚಿಕಿತ್ಸೆಗೆ 2 ವಾರ ಸೇರಿತು. 2017ರಲ್ಲಿ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರವಾಯಿತು. ರಜೆ ಹೀಗೆ ಹಿಗ್ಗುತ್ತಲೇ ಹೋಯಿತು. ಸಂಬಳ ಯಾರು ಕೊಡಬೇಕೆಂಬ ಹಳೆಯ ಪ್ರಶ್ನೆಯ ತಂಟೆಗೆ ಮಾತ್ರ ಈ ತಿದ್ದುಪಡಿಗಳು ಹೋಗಲಿಲ್ಲ.

ಇಷ್ಟು ರಜೆ ಕೊಟ್ಟರೆ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬ ಆಕ್ಷೇಪ ಹುಟ್ಟುವುದೇ ಇಲ್ಲಿ. ಇದನ್ನು ಸ್ತ್ರೀದ್ವೇಷವೆಂದು ತಳ್ಳಿಹಾಕಿದರೆ ಸಾಲದು. ಹದಿನೈದು ಜನರ ಕಚೇರಿಗೆ ಒಬ್ಬರ ಆರು ತಿಂಗಳ ಸಂಬಳ ನಿಜಕ್ಕೂ ಭಾರವೇ. ಆದರೆ ಆ ಭಾರ ರಜೆಯಿಂದ ಬಂದದ್ದಲ್ಲ, ಅದನ್ನು ಒಬ್ಬನೇ ಹೊರಬೇಕಾದ್ದರಿಂದ ಬಂದದ್ದು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರ ಸಂಬಳದ ಚೀಟಿ ನೋಡಿ: 14,000 ರೂಪಾಯಿ ಕೂಲಿಯಲ್ಲಿ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐಗೆ ಅವರ ಪಾಲು 105, ಮಾಲೀಕರ ಪಾಲು 455. ಗಂಡಾಳಿಗೂ ಇದೇ ಲೆಕ್ಕ. ಹೆರಿಗೆ, ಗರ್ಭಪಾತದ ರಜೆಯ ಹಣ ಈ ನಿಧಿಯಿಂದಲೇ ಹೋಗುವುದರಿಂದ, ಹೆಂಗಸನ್ನು ಬಿಟ್ಟು ಗಂಡಸನ್ನು ನೇಮಿಸಿಕೊಂಡರೆ ರಜೆಯ ಸಂಬಳದಲ್ಲಿ ಮಾಲೀಕನಿಗೆ ಉಳಿತಾಯವೇನೂ ಇಲ್ಲ. ಯಾರದೋ ಬಾಣಂತನಕ್ಕೆ ಗಂಡಸೇಕೆ ಕಟ್ಟಬೇಕು ಎಂದರೆ, ಅವನ ಕಾಯಿಲೆಗೂ ಅವನ ಹೆಂಡತಿಯ ಆಸ್ಪತ್ರೆ ಖರ್ಚಿಗೂ ಆಗುವುದು ಅದೇ ನಿಧಿ.

ಇಎಸ್‌ಐ ಆಸ್ಪತ್ರೆಯ ಸರದಿಸಾಲು ಬಲ್ಲವರು ಈ ಹೊಗಳಿಕೆಗೆ ಮುಗುಳ್ನಗಬಹುದು. ಆಡಳಿತ ಸುಧಾರಿಸಬೇಕು, ನಿಜ. ಹಂಚಿಕೊಳ್ಳುವ ತತ್ವದಲ್ಲಿ ಐಬಿಲ್ಲ. ಸಾಮಾನ್ಯವಾಗಿ ತಿಂಗಳ ಕೂಲಿ 21,000 ದಾಟಿದವರು ಈ ವ್ಯವಸ್ಥೆಯ ಹೊರಗೆ, ಮನೆಗೆಲಸದವರೂ ಹೊರಗೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇಎಸ್‌ಐ ಆಚೆಗಿನ ಹೆರಿಗೆ ರಜೆಯ ಹೊಣೆಯನ್ನು ಮಾಲೀಕನಲ್ಲೇ ಬಿಟ್ಟಿದೆ. 2025ರಲ್ಲಿ ಕರ್ನಾಟಕ ಸರ್ಕಾರ ಮುಟ್ಟಿಗೆ ವರ್ಷಕ್ಕೆ 12 ದಿನ ಸಂಬಳಸಹಿತ ರಜೆ ಪ್ರಕಟಿಸಿತು. ಒಳ್ಳೆಯ ನಿರ್ಧಾರವೇ. ಖಾಸಗಿ ಸಂಸ್ಥೆಗಳಲ್ಲಿ ಅದರ ಖರ್ಚನ್ನೂ ಹೊರಬೇಕಾದವರು ಆಯಾ ಮಾಲೀಕರೇ.