ಕೆರೆಯ ಕೋಡಿಯೂ ಗ್ರಾಮದ ಕ್ಷೇಮವೂ

ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಬಯಲುಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆಗಳು ಬಹಳ ಕಡಮೆ. ಆದಕಾರಣ ಕೋಲಾರ, ತುಮಕೂರು, ಬೆಂಗಳೂರು ಪ್ರಾಂತ್ಯಗಳ ಪೂರ್ವಿಕರು ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿದಿಡುವುದಕ್ಕಾಗಿ ಪ್ರತಿಯೊಂದು ಹಳ್ಳಕ್ಕೂ ಅಡ್ಡಲಾಗಿ ಕೆರೆಗಳನ್ನು ಕಟ್ಟಿಸಿದರು. ಮೇಲಿನ ಕೆರೆಯು ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೂ, ಅದು ತುಂಬಿದರೆ ಅದರ ಕೆಳಗಿನದಕ್ಕೂ ಹೋಗತಕ್ಕದ್ದು. ಇಂದಿನ ಕರ್ನಾಟಕದಲ್ಲಿ ಇಂತಹ ಕೆರೆಗಳು 36 ಸಾವಿರಕ್ಕೂ ಮೇಲ್ಪಟ್ಟಿವೆ. ಒಂದು ಗ್ರಾಮದವರು ತಮ್ಮ ಕೆರೆಗೆ ಮಾಡಿದ ಒಳಿತು ಕೆಡುಕುಗಳೆರಡೂ ಕೆಳಗಿನ ಗ್ರಾಮದವರಿಗೆ ತಟ್ಟುವುದು ಈ ಏರ್ಪಾಟಿನ ಮುಖ್ಯ ಲಕ್ಷಣವಾಗಿರುತ್ತದೆ.

ಈ ಸೀಮೆಗೆ ಕ್ಷಾಮವು ಹೊಸದಲ್ಲ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಸಂಸ್ಥಾನದ ಜನಸಂಖ್ಯೆಯು, 1876–78ರ ಮಹಾಕ್ಷಾಮವು ಕಳೆದ ಮೇಲೆ, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆದರೆ ಈಚಿನ ವರ್ಷಗಳಲ್ಲಿ ಕಂಡುಬರುವ ವಿಶೇಷವೇನೆಂದರೆ, ಅತಿವೃಷ್ಟಿ ಅನಾವೃಷ್ಟಿಗಳು ಒಂದರ ಬೆನ್ನಿಗೆ ಒಂದು ಬರುತ್ತಿರುವುದು. 2022ನೆಯ ಆಗಸ್ಟ್ ಕೊನೆಯಲ್ಲಿ ರಾಮನಗರದ ಸುತ್ತ ಕೆರೆಗಳು ಉಕ್ಕಿ, ಬೆಂಗಳೂರು–ಮೈಸೂರು ಹೆದ್ದಾರಿಯೇ ಜಲಾವೃತವಾಯಿತು. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಭೂಮಿಯ ಮೇಲಣ ಗಾಳಿಯು ಒಂದು ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ಸುಮಾರು ನೂರಕ್ಕೆ 7 ಪಾಲು ಹೆಚ್ಚು ತೇವವನ್ನು ಹಿಡಿಯಬಲ್ಲದು. ಆದುದರಿಂದ ಮಳೆಯು ಬಹುದಿನ ತಡೆದು, ಬಂದಾಗ ಒಮ್ಮೆಗೇ ಸುರಿಯುವ ಸಂಭವವು ಹೆಚ್ಚಿದೆ. ಹದವಾಗಿ ಬರುವ ಮಳೆಯನ್ನು ನಂಬಿ ನಡೆದ ಪದ್ಧತಿಗಳನ್ನು ಮರುಪರಿಶೀಲಿಸುವುದು ಅವಶ್ಯಕ.

ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಕೋಡಿ. ಕೆರೆಯ ನೀರು ಇಷ್ಟಕ್ಕೆ ನಿಲ್ಲಲಿ ಎಂದು ಕಟ್ಟಿದವರು ಗೊತ್ತುಮಾಡಿದ ಗುರುತೇ ಅದು. ಏರಿಯ ನೆತ್ತಿಯು ಅದಕ್ಕಿಂತ ಕೆಲವು ಅಡಿ ಎತ್ತರವಾಗಿರುತ್ತದೆ. ಈ ಅಂತರವು ವ್ಯರ್ಥವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ, ಬಿರುಮಳೆಯ ದಿನ ಕೋಡಿಯ ಮೇಲೆ ಹರಿಯುವ ನೀರಿನ ದಪ್ಪಕ್ಕೂ, ಗಾಳಿಗೆದ್ದ ಅಲೆಗಳಿಗೂ ಬಿಟ್ಟ ಸ್ಥಳವದು. ಅಚ್ಚುಕಟ್ಟಿನ ಕೊನೆಯ ಗದ್ದೆಗಳಿಗೂ ನೀರು ಸಿಕ್ಕಲೆಂದು ಕೋಡಿಯ ಮೇಲೆ ಕಲ್ಲುಮಣ್ಣು ಪೇರಿಸಿ ಒಂದೆರಡು ಅಡಿ ಏರಿಸುವ ರೂಢಿಯು ಕೆಲವೆಡೆ ಉಂಟು. ಇದಕ್ಕೆದುರಾಗಿ, ಕೆರೆಯಂಗಳವನ್ನು ಉಳುವವರು ತಮ್ಮ ಪೈರು ಮುಳುಗದಿರಲೆಂದು ರಾತ್ರಿ ವೇಳೆ ಕೋಡಿಯನ್ನು ಕಿತ್ತು ತಗ್ಗಿಸುವುದೂ ಉಂಟು. ಎರಡೂ ತಪ್ಪೇ, ಆದರೆ ಎರಡನೆಯದರಿಂದ ನೀರು ಮಾತ್ರ ಹೋಗುತ್ತದೆ, ಮೊದಲನೆಯದರಿಂದ ಊರೇ ಹೋಗಬಹುದು.

ಲೆಕ್ಕವು ಸುಲಭವಾದುದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರಾಗುತ್ತದೆ. ಸಾವಿರ ಎಕರೆ ಜಲಾನಯನವುಳ್ಳ ಕೆರೆಯ ಮೇಲುಭಾಗದಲ್ಲಿ ಒಂದು ರಾತ್ರಿ ನಾಲ್ಕು ಅಂಗುಲ ಮಳೆಯಾಗಿ, ಅದರಲ್ಲಿ ಅರ್ಧ ಮಾತ್ರ ಹರಿದುಬಂದರೂ 20 ಕೋಟಿ ಲೀಟರು. ಕೋಡಿಯ ದಾರಿ ಕಟ್ಟಿದ್ದರೆ ಇಷ್ಟು ನೀರು ಏರಿಯನ್ನು ಹತ್ತದೆ ಬೇರೆ ಗತಿಯಿಲ್ಲ. ಮಣ್ಣಿನ ಏರಿಯು ತನ್ನ ಎದೆಗೆ ಒತ್ತುವ ನೀರನ್ನು ತಡೆದೀತು. ತಲೆಯ ಮೇಲೆ ಹರಿಯುವ ನೀರನ್ನು ತಡೆಯಲಾರದು. ಅದು ಹಿಂಬದಿಯ ಇಳಿಜಾರನ್ನು ಕೊರೆಯುತ್ತಾ ಬಂದು ಏರಿಯನ್ನು ಸೀಳಿಬಿಡುತ್ತದೆ. ಆ ಪ್ರವಾಹವು ಕೆಳಗಿನ ಕೆರೆಗೆ ಒಮ್ಮೆಲೇ ನುಗ್ಗುವುದರಿಂದ, ಯಾವ ತಪ್ಪನ್ನೂ ಮಾಡದ ಕೆಳಗಿನ ಗ್ರಾಮದ ಏರಿಯೂ ಒಡೆಯುತ್ತದೆ.

ಏರಿಯ ನೆತ್ತಿಯು ಎಲ್ಲ ಕಡೆಯೂ ಒಂದೇ ಮಟ್ಟದಲ್ಲಿರುವುದು ವಿರಳ. ಗಾಡಿ ಹಾಯುವಲ್ಲಿ, ದನಗಳು ಇಳಿಯುವಲ್ಲಿ ತಗ್ಗಾಗಿರುತ್ತದೆ. ನೀರು ಮೊದಲು ಹಾರುವುದೂ ಅಲ್ಲಿಯೇ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಮನೆ ಕಟ್ಟುವ ಮೇಸ್ತ್ರಿಗಳು ನೋಡುವಂತೆ, ಕೋಡಿಯಿಂದ ಏರಿಯವರೆಗೆ ಮಟ್ಟ ನೋಡಿದರೆ ಈ ತಗ್ಗುಗಳು ಒಂದು ದಿನದಲ್ಲಿ ಗೊತ್ತಾಗುತ್ತವೆ. ಬೇಸಗೆಯಲ್ಲಿಯೇ ಅವನ್ನು ತುಂಬಿ, ಮಣ್ಣನ್ನು ಪದರ ಪದರವಾಗಿ ನೀರು ಚಿಮುಕಿಸಿ ದಮ್ಮಸು ಮಾಡತಕ್ಕದ್ದು. ಹೆಗ್ಗಣದ ಬಿಲಗಳನ್ನು ಅಗೆದು ಮುಚ್ಚಬೇಕು. ಏರಿಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ನಿಗಾ ಇಟ್ಟರೆ ಸಾಕು; ಅದು ಕದಡಿ ಬಂದರೆ ಏರಿಯ ಒಳಮಣ್ಣು ಕೊಚ್ಚಿಹೋಗುತ್ತಿದೆಯೆಂದು ತಿಳಿದು, ತಡಮಾಡದೆ ತೂಬೆತ್ತಿ ನೀರನ್ನು ಇಳಿಸಿ, ಕೆಳಗಿನವರಿಗೂ ಅಧಿಕಾರಿಗಳಿಗೂ ತಿಳಿಸಬೇಕು.

ಕೊಳವೆಬಾವಿಗಳು ಬಂದಮೇಲೆ ಕೆರೆಯೇಕೆ ಎನ್ನುವವರುಂಟು. ಆ ಬಾವಿಗಳಿಗೆ ಊಟೆಯನ್ನು ಕೊಡುವುದು ಕೆರೆಯಲ್ಲಿ ಇಂಗಿದ ನೀರೇ ಎಂಬುದನ್ನು ಅವರು ಮರೆತಂತೆ ತೋರುತ್ತದೆ. ಕೆರೆಗೆ ನೀರು ಬರಬೇಕಾದರೆ ರಾಜಕಾಲುವೆಯು ಗ್ರಾಮದ ನಕ್ಷೆಯಲ್ಲಿರುವಷ್ಟೇ ಅಗಲವಾಗಿ ತೆರೆದಿರಬೇಕು. ವರ್ಷಕ್ಕೆ ಒಂದು ಸಾಲಿನಂತೆ ಒತ್ತರಿಸಿಕೊಂಡ ಹಿಡುವಳಿದಾರನಿಗೆ ಕೆಲವು ಗುಂಟೆ ಲಾಭ. ಅದೇ ಕಾರಣದಿಂದ ಬರದ ವರ್ಷ ಕೆರೆ ತುಂಬುವುದಿಲ್ಲ, ನೆರೆಯ ವರ್ಷ ಅವನ ಹೊಲವೇ ಮೊದಲು ಕೊಚ್ಚಿಹೋಗುತ್ತದೆ. ಹೂಳನ್ನು ಬೇಸಗೆಯಲ್ಲಿ ಏರಿಯ ಬುಡವನ್ನು ಬಿಟ್ಟು ದೂರದಲ್ಲಿ ತೆಗೆಯತಕ್ಕದ್ದು. ಈ ಕೆರೆಗೋಡನ್ನು ಕೆಂಪು ಮರಳುಮಿಶ್ರ ಹೊಲಗಳಿಗೆ ಹೊಡೆದರೆ ತೇವವು ಹೆಚ್ಚು ದಿನ ನಿಲ್ಲುತ್ತದೆ.

ಕೆರೆಯು ಅರೆಪಾಲು ಮಾತ್ರ ತುಂಬಿದ ವರ್ಷ ಜಗಳಕ್ಕೆ ಎಡೆಯಾಗುವುದು ನಾಟಿಯಾದ ಮೇಲೆ. ತೂಬಿನ ಕಂಬದ ಮೇಲೆ ಅಡಿಗಳ ಗುರುತು ಮಾಡಿಸಿ, ನೀರು ಇಷ್ಟಿದ್ದರೆ ಭತ್ತ, ಇಷ್ಟಕ್ಕೆ ಕಡಮೆಯಾದರೆ ಅಚ್ಚುಕಟ್ಟಿಗೆಲ್ಲ ರಾಗಿ ಮುಂತಾದ ಅರೆನೀರಾವರಿ ಪೈರು ಎಂದು ಬಿತ್ತನೆಗೆ ಮುಂಚೆಯೇ ಒಪ್ಪಂದವಾಗಿರಬೇಕು. ನೀರಗಂಟಿ ಪದ್ಧತಿಯು ಉಳಿದಿರುವ ಗ್ರಾಮಗಳಲ್ಲಿ ಸರದಿಯ ಹಂಚಿಕೆಯನ್ನು ಅವರಿಗೇ ಬಿಡುವುದು ಮೇಲು. ಖುಷ್ಕಿ ಹೊಲಗಳಲ್ಲಿ ಮಳೆ ತಡವಾದರೆ ದೀರ್ಘಾವಧಿ ರಾಗಿಯನ್ನು ಬಿಟ್ಟು ಅಲ್ಪಾವಧಿ ತಳಿಯನ್ನೂ, ಆಗಸ್ಟ್ ಕಳೆದರೆ ಹುರುಳಿಯನ್ನೂ ಬಿತ್ತಬಹುದು. ರಾಗಿಯೊಡನೆ ಅವರೆ, ತೊಗರಿಗಳ ಅಕ್ಕಡಿ ಸಾಲನ್ನು ಬಿಡದೆ ಇಟ್ಟರೆ ಒಂದು ಕೆಟ್ಟರೂ ಇನ್ನೊಂದು ಕೈಗೆ ಬರುವ ಸಂಭವವಿದೆ.

ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಗ್ರಾಮದ ಮುಖ್ಯಸ್ಥರು ಕೆರೆ ಬಳಕೆದಾರರನ್ನೂ, ಮೇಲಣ ಕೆಳಗಣ ಗ್ರಾಮಗಳ ಒಬ್ಬೊಬ್ಬರನ್ನೂ ಕೂಡಿಸಿ ಏರಿಯ ಮೇಲೆ ನಡೆದುನೋಡುವುದು ಉತ್ತಮ. ಬಿರುಮಳೆಯ ರಾತ್ರಿ ಏರಿ ಕಾಯುವವರು ಯಾರು, ಕೆಳಗಿನ ಗ್ರಾಮಕ್ಕೆ ದೂರವಾಣಿ ಮಾಡುವವರು ಯಾರು, ಮೊದಲು ಎತ್ತರದ ಸ್ಥಳಕ್ಕೆ ಸಾಗಿಸಬೇಕಾದ ಮನೆಗಳು ಯಾವುವು ಎಂಬುದು ಅಂದೇ ನಿರ್ಧಾರವಾಗತಕ್ಕದ್ದು. ದುರಸ್ತಿಯು ಗ್ರಾಮದ ಕೈಮೀರಿದ್ದರೆ, 40 ಹೆಕ್ಟೇರಿಗಿಂತ ಕಡಮೆ ಅಚ್ಚುಕಟ್ಟಿನ ಕೆರೆಗಳ ವಿಷಯದಲ್ಲಿ ಪಂಚಾಯಿತಿಗೂ, ಅದಕ್ಕೆ ಮೇಲ್ಪಟ್ಟವುಗಳಿಗೆ ಸಣ್ಣ ನೀರಾವರಿ ಇಲಾಖೆಗೂ, ಒತ್ತುವರಿಯ ವಿಷಯದಲ್ಲಿ ತಹಶೀಲ್ದಾರರಿಗೂ ಅರ್ಜಿಯನ್ನು ಮಳೆಗಾಲಕ್ಕೆ ಮುಂಚೆಯೇ, ಗ್ರಾಮದ ನಕ್ಷೆಯ ನಕಲಿನೊಡನೆ, ಬರೆದುಕೊಳ್ಳತಕ್ಕದ್ದು.