ಪಾಳೇಗಾರ: ದರ್ಪದ ಹೆಸರೋ, ಹೊಣೆಯ ಹೆಸರೋ?

ಯಾರಾದರೂ ಧಿಮಾಕು ತೋರಿಸಿದರೆ "ಏನಯ್ಯಾ, ಪಾಳೇಗಾರಿಕೆ ನಡೆಸ್ತೀಯಾ?" ಎಂದು ಗದರುವುದು ನಮ್ಮ ಕಡೆ ರೂಢಿ. ನಮ್ಮ ಬಡವನಹಳ್ಳಿಯವರಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಹತ್ತಿರದ ಊರುಗಳೇ. ಯಾವ ದಿಕ್ಕಿಗೆ ಹೊರಟರೂ ಪಾಳೇಗಾರರ ಕಾಲದ ಕಲ್ಲು ಕಣ್ಣಿಗೆ ಬೀಳುತ್ತದೆ. ಆದರೆ ಆ ಕಲ್ಲು ಜೋಡಿಸಿದವರ ನೆನಪಾಗಿ ಉಳಿದಿರುವುದು ಒಂದು ಬೈಗುಳ, ಒಂದಿಷ್ಟು ದಂತಕತೆ. ಜಪಾನಿನ ಸಮುರಾಯಿ ದೊರೆಗಳ ಕತೆ ನಮ್ಮ ಮಕ್ಕಳಿಗೆ ಗೊತ್ತು, ಮಧುಗಿರಿಯ ರಾಜಾ ಹಿರೇಗೌಡ ಗೊತ್ತಿಲ್ಲ. ಈ ಮರೆವು ನೀಗಬೇಕಾದರೆ ಮೊದಲು ತಪ್ಪು ತಿಳಿವಳಿಕೆ ಹೋಗಬೇಕು.

ತಪ್ಪು ಕಲ್ಪನೆ 1: ಪಾಳೇಗಾರ ಎಂದರೆ ಊರು ದೋಚುವ ಪುಂಡ.

ಸತ್ಯ: ಪಾಳೆಯ ಎಂದರೆ ದಂಡು ಬೀಡುಬಿಟ್ಟ ಜಾಗ. ಅದರ ಒಡೆಯ ಪಾಳೇಗಾರ. ಮೇಲಿನ ಅರಸನಿಗೆ ವರ್ಷವರ್ಷ ಕಪ್ಪ ಕಟ್ಟುವುದು, ಕರೆ ಬಂದಾಗ ಆಳು ಕುದುರೆಗಳೊಂದಿಗೆ ಹೋಗುವುದು, ತನ್ನ ಸೀಮೆಯನ್ನು ಕಾಯುವುದು ಅವನ ಕೆಲಸ. ಕಪ್ಪ ಕಟ್ಟಲು ಬೆಳೆ ಬೇಕು, ಬೆಳೆಗೆ ಕೆರೆ ಬೇಕು, ಸುಂಕ ಬರಲು ಪೇಟೆ ಬೇಕು. ಹಾಗಾಗಿ ರೈತನನ್ನು ಓಡಿಸಿದ ಪಾಳೇಗಾರ ತಾನೂ ಉಳಿಯುತ್ತಿರಲಿಲ್ಲ. ಅವರಲ್ಲಿ ಸುಲಿದವರೂ ಇದ್ದರು, ಸಾಕಿದವರೂ ಇದ್ದರು. ಒಂದೇ ಜಾತಿಯವರೂ ಅಲ್ಲ: ಚಿತ್ರದುರ್ಗದ ನಾಯಕರು ಬೇಡರು, ಆವತಿಯ ಗೌಡರು ಒಕ್ಕಲಿಗರು.

ತಪ್ಪು ಕಲ್ಪನೆ 2: ಅವರೆಲ್ಲ ಯಾರಿಗೂ ತಲೆಬಾಗದ ಸ್ವತಂತ್ರ ರಾಜರು.

ಸತ್ಯ: ಅಭಿಮಾನದಿಂದ ಹುಟ್ಟಿದ ಮಾತಾದರೂ ಇದು ನಿಜವಲ್ಲ. ವಿಜಯನಗರದ ಬಲ ಕುಗ್ಗಿದ ಮೇಲೆ ನಮ್ಮ ಸೀಮೆಯ ಮೇಲೆ ಬಿಜಾಪುರ, ಮೊಗಲರು, ಮರಾಠರು, ಮೈಸೂರು ಎಲ್ಲರ ಕಣ್ಣೂ ಬಿತ್ತು. ಯಾರಿಗೆ ಕಪ್ಪ ಕಟ್ಟಬೇಕು, ಯಾರೊಂದಿಗೆ ಕಾದಬೇಕು ಎಂಬ ಲೆಕ್ಕಾಚಾರದಲ್ಲೇ ಪಾಳೇಗಾರನ ಆಯುಷ್ಯ ಸವೆಯುತ್ತಿತ್ತು. ಜಪಾನಿನ ಸೀಮೆಗಳ ದೊರೆಗಳಾದ ದೈಮ್ಯೊಗಳ ಪಾಡೂ ಬೇರೆಯಿರಲಿಲ್ಲ. ಒಂದು ಸೀಮೆಗೆ ಒಂದೇ ಕೋಟೆ, ಉಳಿದದ್ದನ್ನು ಕೆಡವಿ ಎಂದು 1615ರಲ್ಲಿ ಅವರ ಮೇಲಿನ ಸೇನಾಧಿಪತಿಯಾದ ಶೋಗನ್‌ನ ಸರ್ಕಾರ ಅಪ್ಪಣೆ ಮಾಡಿತು. 1635ರಿಂದ ದೈಮ್ಯೊಗಳು ಸರದಿಯ ಮೇಲೆ ಶೋಗನ್ ಇದ್ದ ಎಡೊ ನಗರಕ್ಕೆ ಬಂದಿರಬೇಕಾಯಿತು.

ತಪ್ಪು ಕಲ್ಪನೆ 3: ಶಿರಾ ಕೋಟೆ ಮೊಗಲರು ಕಟ್ಟಿದ್ದು, ಮಧುಗಿರಿ ಕೋಟೆ ಹೈದರಾಲಿ ಕಟ್ಟಿಸಿದ್ದು.

ಸತ್ಯ: ಶಿರಾ ಊರಿಗೂ ಕೋಟೆಗೂ ಬುನಾದಿ ಹಾಕಿದವನು ರತ್ನಗಿರಿಯ ಪಾಳೇಗಾರ ರಂಗಪ್ಪ ನಾಯಕ ಎಂಬುದು ಪರಂಪರೆಯಿಂದ ಬಂದ ಮಾತು. ಕೆಲಸ ಮುಗಿಯುವ ಮೊದಲೇ, 1638ರ ಸುಮಾರಿಗೆ, ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಶಿರಾವನ್ನು ಗೆದ್ದ. ಕೋಟೆ ಪೂರ್ತಿಗೊಳಿಸಿದವನು ಅಲ್ಲಿನ ಆಡಳಿತಕ್ಕೆ ನೇಮಕಗೊಂಡ ಮಲಿಕ್ ಹುಸೇನ್. ಮೊಗಲರು ಬಂದು ಶಿರಾವನ್ನು ಪ್ರಾಂತ್ಯದ ರಾಜಧಾನಿ ಮಾಡಿದ್ದು 1687ರಲ್ಲಿ.

ಮಧುಗಿರಿಯ ಕತೆ ಇನ್ನೂ ಸೊಗಸು. ಮಂದೆಯಿಂದ ತಪ್ಪಿಸಿಕೊಂಡ ಕುರಿಯೊಂದು ಮೈಯೆಲ್ಲ ಒದ್ದೆಯಾಗಿ ಮರಳಿತಂತೆ. ಅದರಿಂದ ಬೆಟ್ಟದ ಮೇಲೆ ನೀರಿರುವುದು ತಿಳಿದು ಹಿರೇಗೌಡ ಅಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನಂತೆ. ಕುರಿಯ ಮಾತು ದಂತಕತೆಯಿರಬಹುದು, ಆದರೆ ಮಳೆ ಕಡಿಮೆಯ ನಮ್ಮ ಸೀಮೆಯಲ್ಲಿ ಕೋಟೆಯ ಜಾಗ ಗೊತ್ತುಮಾಡುತ್ತಿದ್ದುದು ನೀರೇ. ಬೆಟ್ಟ ಹತ್ತಿದವರಿಗೆ ಬಂಡೆಯ ನಡುವಿನ ದೊಣೆಗಳೇ ಅದನ್ನು ಹೇಳುತ್ತವೆ. ನುಣುಪು ಬಂಡೆಯಲ್ಲಿ ಪಾದ ಊರುವಷ್ಟೇ ಕೊರೆದ ಮೆಟ್ಟಿಲು, ಒಂದರ ಹಿಂದೊಂದು ಬಾಗಿಲು, ನೆತ್ತಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ. ಹೈದರಾಲಿ ಮಾಡಿದ್ದು ಈ ಕೋಟೆಯನ್ನು ಬಲಪಡಿಸುವ ಕೆಲಸ. ಒಂದು ಗೋಡೆಯನ್ನು ಒಬ್ಬರ ಹೆಸರಿಗೆ ಬರೆದರೆ ಉಳಿದವರ ಬೆವರಿಗೆ ಅನ್ಯಾಯವಾಗುತ್ತದೆ.

ತಪ್ಪು ಕಲ್ಪನೆ 4: ಸೋತ ಪಾಳೇಗಾರನ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಸತ್ಯ: 1678ರಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಮೈಸೂರಿನ ದಂಡು ಮಧುಗಿರಿಯನ್ನು ಹಿಡಿಯಿತು. ಆಗ ಜೊತೆಯಾಗಿ ಆಳುತ್ತಿದ್ದವರು ರಾಮಗೌಡ ಮತ್ತು ತಿಮ್ಮಪ್ಪಗೌಡ. ಅವರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಆಮೇಲೆ ಬಿಟ್ಟು, ಆಳಲು ಮಿಡಿಗೇಶಿಯನ್ನು ಕೊಟ್ಟರು. ಜಪಾನಿನಲ್ಲೂ ಹೀಗೇ: ಸೆಕಿಗಹಾರ ಯುದ್ಧದಲ್ಲಿ ಸೋತ ಪಕ್ಷದ ಉಎಸುಗಿ ಕಗೆಕತ್ಸುವಿನ ಸೀಮೆ 1601ರಲ್ಲಿ 12 ಲಕ್ಷ ಕೊಕುವಿನಿಂದ 3 ಲಕ್ಷಕ್ಕೆ ಇಳಿಯಿತು. ಒಂದು ಕೊಕು ಎಂದರೆ ಒಬ್ಬನಿಗೆ ವರ್ಷಕ್ಕೆ ಸಾಲುವ ಅಕ್ಕಿ. ಗೆದ್ದವನಿಗೂ ನೆಲದ ನಾಡಿ ಬಲ್ಲವನು ಬೇಕಿತ್ತು. ಅದಕ್ಕೇ ಕೊಲ್ಲುವುದಕ್ಕಿಂತ ಕುಗ್ಗಿಸುವುದು ಲೇಸೆನಿಸುತ್ತಿತ್ತು.

ತಪ್ಪು ಕಲ್ಪನೆ 5: ಕೋಟೆ ಇದ್ದದ್ದು ಯುದ್ಧಕ್ಕಷ್ಟೇ.

ಸತ್ಯ: ಕೋಟೆ ಸೆರೆಮನೆಯೂ ಆಗುತ್ತಿತ್ತು. 1763ರಲ್ಲಿ ಮಲೆನಾಡಿನ ಬಿದನೂರನ್ನು ಗೆದ್ದ ಹೈದರಾಲಿ ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ಸೆರೆಯಲ್ಲಿಟ್ಟದ್ದು ಇದೇ ಮಧುಗಿರಿ ಬೆಟ್ಟದಲ್ಲಿ. ಅವಳು ಇಲ್ಲೇ ಸಾಯಲಿಲ್ಲ. 1767ರಲ್ಲಿ ಮರಾಠರ ಪೇಶ್ವೆ ಮಾಧವರಾಯ ಕೋಟೆ ಹಿಡಿದು ಅವಳನ್ನು ಬಿಡಿಸಿದ. ಪುಣೆಯ ದಾರಿಯಲ್ಲಿ ಆಕೆ ಕಣ್ಣುಮುಚ್ಚಿದಳು. ಹಸಿರು ಮಲೆನಾಡಿನ ರಾಣಿ ನಾಲ್ಕು ಬೇಸಗೆಗಳನ್ನು ಕಳೆದದ್ದು ಈ ಬೆತ್ತಲೆ ಬಂಡೆಯ ಮೇಲೆ.

ಪಾಳೇಗಾರರನ್ನು ದೇವರು ಮಾಡುವುದು ಬೇಡ, ದರೋಡೆಕೋರರನ್ನಾಗಿ ಮಾಡುವುದೂ ಬೇಡ. ಮೇಲಿನವನಿಗೆ ಕಪ್ಪ, ಕೆಳಗಿನವನಿಗೆ ಕಾವಲು, ಎರಡರ ನಡುವೆ ಸಿಕ್ಕಿಕೊಂಡು ಬದುಕಿದ ಜನ ಅವರು. ಮುಂದಿನ ಸಲ ಮಧುಗಿರಿ ಬೆಟ್ಟ ಹತ್ತುವಾಗ ಮಕ್ಕಳಿಗೆ ದೊಣೆಯ ನೀರು ತೋರಿಸಿ, ಒದ್ದೆ ಮೈಯ ಕುರಿಯ ಕತೆ ಹೇಳಿ. ಹಿರೇಗೌಡನ ಹೆಸರೂ ಅವರ ಬಾಯಲ್ಲಿ ನಿಲ್ಲಲಿ.