ನೀರಿನ ಲೆಕ್ಕ ಎಲೆಯ ನರದಲ್ಲಿ

ಭತ್ತ, ಜೋಳ ಎರಡೂ ಹುಲ್ಲಿನ ಕುಟುಂಬದವೇ. ಆದರೂ ಮಾನ್ವಿಯ ಕಾಲುವೆ ಬದಿಯಲ್ಲಿ ಭತ್ತ ನಿಂತ ನೀರು ಬೇಡುತ್ತದೆ. ದೇವದುರ್ಗದ ಎರೆಹೊಲದಲ್ಲಿ ಹಿಂಗಾರಿ ಜೋಳ ಮಣ್ಣಿನಲ್ಲಿ ಉಳಿದ ಹಸಿಯಲ್ಲೇ ತೆನೆ ಕಟ್ಟುತ್ತದೆ. ಆಳಕ್ಕಿಳಿಯುವ ಬೇರು, ಹಸಿ ಹಿಡಿದಿಡುವ ಎರೆಮಣ್ಣು ಇದಕ್ಕೆ ಕಾರಣವೆನ್ನುವುದು ರೂಢಿ. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ದಂಟನ್ನು ಅಡ್ಡಲಾಗಿ ಕೊಯ್ದರೆ ಜೋಳದಲ್ಲಿ ಬೆಂಡು ತುಂಬಿ, ಅದರಲ್ಲೆಲ್ಲ ನಾಳಕೂರ್ಚಗಳು ಚದುರಿರುತ್ತವೆ. ಭತ್ತದ ಗೆಣ್ಣುಗಳ ನಡುವೆ ಪೊಳ್ಳು, ಕೂರ್ಚಗಳೆಲ್ಲ ಅಂಚಿನಲ್ಲಿ. ಆದರೆ ಎರಡರಲ್ಲೂ ನೀರು ಏರುವುದು ಕ್ಸೈಲಂನಲ್ಲೇ, ಸಕ್ಕರೆ ಸಾಗುವುದು ಫ್ಲೋಯಂನಲ್ಲೇ. ನೀರಿನ ಖರ್ಚನ್ನು ಬೇರೆಯಾಗಿಸುವ ರಚನೆ ಎಲೆಯಲ್ಲಿದೆ.

ಜೋಳದ ಎಲೆಯಲ್ಲಿ ನರಗಳು ಒತ್ತೊತ್ತಾಗಿವೆ. ಪ್ರತಿ ನರವನ್ನೂ ಕ್ಲೋರೋಪ್ಲಾಸ್ಟ್ ತುಂಬಿದ ದೊಡ್ಡ ಕೋಶಗಳ ಕವಚ ಸುತ್ತುವರಿದಿದೆ. ಆಸ್ಟ್ರಿಯಾದ ಹೇಬರ್ಲಾಂಟ್ 1884ರಲ್ಲೇ ಇಂಥ ರಚನೆಯನ್ನು ವರ್ಣಿಸಿದ್ದರು. ಅದರ ಕೆಲಸ ತಿಳಿದದ್ದು 1966ರಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನ ಮೇಲೆ ನಡೆಸಿದ ಅಧ್ಯಯನದಿಂದ. ಹೊರಗಿನ ಕೋಶಗಳು ಇಂಗಾಲದ ಡೈಆಕ್ಸೈಡನ್ನು ನಾಲ್ಕು ಇಂಗಾಲದ ಆಮ್ಲವಾಗಿಸಿ ಕವಚಕ್ಕೆ ದಾಟಿಸುತ್ತವೆ. ಅಲ್ಲಿ ಆಮ್ಲದಿಂದ ಮತ್ತೆ ಬಿಡುಗಡೆಯಾದ ಅನಿಲ ದಟ್ಟವಾಗುವುದರಿಂದ, ಅದನ್ನು ಹಿಡಿಯಬೇಕಾದ ರುಬಿಸ್ಕೊ ಕಿಣ್ವ ಬದಲಿಗೆ ಆಕ್ಸಿಜನ್ನನ್ನು ಹಿಡಿದು ಶ್ರಮ ಕಳೆದುಕೊಳ್ಳುವುದು ತೀರಾ ಕಡಿಮೆ. ಹಾಗಾಗಿ ಪತ್ರರಂಧ್ರಗಳು ಕಿರಿದಾಗಿ ತೆರೆದರೂ ಸಾಕು; ಆವಿಯಾಗಿ ಹೋಗುವ ನೀರೂ ಉಳಿಯುತ್ತದೆ. ಭತ್ತದ ಕವಚದಲ್ಲಿ ಕ್ಲೋರೋಪ್ಲಾಸ್ಟ್ ವಿರಳ. ಅದರ ರುಬಿಸ್ಕೊ ಹೊರಗಿನ ಕೋಶಗಳಲ್ಲೇ ದುಡಿಯುತ್ತದೆ, ಬಿಸಿಲೇರಿದಂತೆ ನಷ್ಟವೂ ಏರುತ್ತದೆ. ಒಂದು ಕಿಲೋ ಒಣ ಪದಾರ್ಥ ಕಟ್ಟಲು ಜೋಳದ ಎಲೆ ಸುಮಾರು 300 ಲೀಟರ್ ನೀರು ಬಿಟ್ಟರೆ, ಭತ್ತಕ್ಕೆ ಹೆಚ್ಚುಕಡಿಮೆ ಅದರ ಎರಡು ಪಟ್ಟು ಬೇಕು.

ಕಬ್ಬಿಗೂ ಇದೇ ಕವಚವಿದೆಯಲ್ಲ, ಅದೇಕೆ ಅಷ್ಟು ನೀರು ಕುಡಿಯುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಬ್ಬು ವರ್ಷವಿಡೀ ಹೊಲದಲ್ಲಿದ್ದು ರಾಶಿ ದಂಟು ಕಟ್ಟುತ್ತದೆ. ಕವಚ ತಗ್ಗಿಸುವುದು ಪ್ರತಿ ಕಿಲೋದ ಖರ್ಚನ್ನು, ಎಕರೆಯ ಒಟ್ಟು ಬೇಡಿಕೆಯನ್ನಲ್ಲ. ಗದ್ದೆಯ ಬಹುಪಾಲು ನೀರು ಇಂಗಿ, ಆವಿಯಾಗಿ ಹೋಗುತ್ತದೆ, ಎಲೆಯನ್ನೇಕೆ ದೂರಬೇಕು ಎಂಬ ಇನ್ನೊಂದು ಮಾತು ಹೆಚ್ಚು ಗಟ್ಟಿ. ಕೂರಿಗೆಯಿಂದ ಭತ್ತ ಬಿತ್ತಿ, ನೀರು ನಿಲ್ಲಿಸದೆ ಬೆಳೆದರೆ ಆ ನಷ್ಟ ತಗ್ಗುವುದು ನಿಜ. ಆದರೆ ಎಷ್ಟೇ ಜಾಣತನದಿಂದ ನೀರು ಕಟ್ಟಿದರೂ ಎಲೆಯ ಪಾಲು ಉಳಿದೇ ಉಳಿಯುತ್ತದೆ. ಭತ್ತಕ್ಕೆ ಜೋಳದಂಥ ಎಲೆ ಕೊಡುವ ಅಂತರರಾಷ್ಟ್ರೀಯ ಪ್ರಯತ್ನ 2008ರ ಸುಮಾರಿಗೆ ಶುರುವಾದರೂ ಅಂಥ ತಳಿ ಇನ್ನೂ ಹೊಲಕ್ಕೆ ಬಂದಿಲ್ಲ. ಭತ್ತದ ಬೆಲೆ, ಅದಕ್ಕಿರುವ ಮಾರುಕಟ್ಟೆ ರೈತನ ಆಯ್ಕೆಯನ್ನು ನಿರ್ಧರಿಸುವುದು ಸಹಜ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನೀರು ತಲುಪುವುದೇ ಅನುಮಾನವಿರುವ ವರ್ಷ, ಜೋಳವನ್ನು ಬಡವರ ಬೆಳೆಯೆಂದು ಬದಿಗಿಡುವುದು ಲೆಕ್ಕ ತಪ್ಪಿದಂತೆ: ಅಲ್ಲಿ ಕೊರತೆಯಿರುವುದು ನೀರಿಗೆ, ಬಿಸಿಲಿಗಲ್ಲ.